‘ಮೇಡಂ, ಎಐ ಬ್ಯಾರೆ ಹೇಳಾಕತ್ತೈತ್ರಿ’

ಪ್ರಶ್ನೆ: ನಾನು ಉತ್ತರ ಕರ್ನಾಟಕದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಅಧ್ಯಾಪಕಿ. ವಯಸ್ಸು 43. ಹದಿನೇಳು ವರ್ಷಗಳಿಂದ ಡೇಟಾಬೇಸ್ ಮತ್ತು ಆಪರೇಟಿಂಗ್ ಸಿಸ್ಟಂ ಕಲಿಸುತ್ತಾ ಬಂದಿದ್ದೇನೆ. ಈ ಸಲ ಕೊನೆಯ ವರ್ಷದವರಿಗೆ ಎಐ ನೆರವಿನಿಂದ ಮಾಲ್‌ವೇರ್ ವಿಶ್ಲೇಷಣೆ ಕಲಿಸುವ ಐಚ್ಛಿಕ ವಿಷಯ ಶುರುವಾಯಿತು. ಕಲಿಸಲು ಯಾರೂ ಮುಂದೆ ಬರಲಿಲ್ಲ. ಎಚ್‌ಒಡಿ ಸರ್ ‘ನೀವ ತಗೋರಿ ಮೇಡಂ, ನಿಮಗ ಓಎಸ್ ಚೊಲೋ ಬರ್ತೈತಿ’ ಅಂದರು. ಒಪ್ಪಿಕೊಂಡೆ.

ಮೂರನೇ ವಾರ ಒಂದು ಸ್ಯಾಂಪಲ್ ಬಗ್ಗೆ ಬೋರ್ಡಿನ ಮೇಲೆ ವಿವರಿಸುತ್ತಿದ್ದೆ. ಇದು ಕೀಬೋರ್ಡಿನಲ್ಲಿ ಒತ್ತಿದ್ದನ್ನೆಲ್ಲ ಕದ್ದು ಇಂಟರ್ನೆಟ್ ಮೂಲಕ ಹೊರಗೆ ಕಳಿಸುತ್ತದೆ ಎಂದೆ. ಹಿಂದಿನ ಬೆಂಚಿನ ಹುಡುಗಿ ಅದೇ ಕೋಡನ್ನು ಚಾಟ್‌ಬಾಟಿಗೆ ಹಾಕಿ, ‘ಮೇಡಂ, ಎಐ ಬ್ಯಾರೆ ಹೇಳಾಕತ್ತೈತ್ರಿ, ಇದು ರ‍್ಯಾನ್ಸಮ್‌ವೇರ್ ಅಂತ’ ಅಂದಳು. ಕೆಲವರು ನಕ್ಕರು. ಯಾವುದು ಸರಿ ಎಂದು ನನಗೆ ಆ ಕ್ಷಣಕ್ಕೆ ಹೇಳಲಾಗಲಿಲ್ಲ. ‘ನೋಡಿ ಹೇಳ್ತೀನಿ’ ಎಂದು ಮುಂದಿನ ಸ್ಲೈಡಿಗೆ ಹೋದೆ. ಎರಡು ರಾತ್ರಿ ಕೂತು ಪರೀಕ್ಷಿಸಿದಾಗ ಗೊತ್ತಾಯಿತು: ಅದು ರ‍್ಯಾನ್ಸಮ್‌ವೇರ್ ಅಲ್ಲ. ಆದರೆ ನಾನು ಹೇಳಿದ್ದೂ ಪೂರ್ತಿ ಸರಿಯಿರಲಿಲ್ಲ. ಅದು ಹೊರಗೆ ಏನನ್ನೂ ಕಳಿಸುತ್ತಿರಲಿಲ್ಲ, ಒಂದು ಫೈಲಿನಲ್ಲಿ ಬರೆದಿಡುತ್ತಿತ್ತು ಅಷ್ಟೆ. ಇದನ್ನು ಇವತ್ತಿನವರೆಗೂ ತರಗತಿಯಲ್ಲಿ ಹೇಳಿಲ್ಲ.

ಮತ್ತೊಂದು ಸಂಗತಿ. ತುಂಬ ಜಾಣ, ಮಾತು ಕಡಿಮೆ ಇರುವ ಹುಡುಗನೊಬ್ಬ ಲ್ಯಾಬ್ ಮುಗಿದ ಮೇಲೆ ಬಂದು, ‘ಇಂಥಾದ್ದು ನಾವ ಬರದ್ರ, ಯಾರು ಬರದ್ರು ಅಂತ ಗೊತ್ತಾಗ್ತೈತೇನ್ರಿ ಮೇಡಂ?’ ಎಂದು ಕೇಳಿದ. ನನಗೆ ಎದೆ ಧಸಕ್ಕೆಂದಿತು. ಜೋರಾಗಿ ಬೈದುಬಿಟ್ಟೆ. ಅವನು ಆಮೇಲೆ ಎರಡು ಕ್ಲಾಸಿಗೆ ಬಂದಿಲ್ಲ. ನಾಳೆ ಯಾರಾದರೂ ಏನಾದರೂ ಮಾಡಿ, ‘ಮೇಡಂ ಕಲಿಸಿದ್ದು’ ಎಂದರೆ ನನ್ನ ಗತಿ ಏನು? ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಬರುವುದಿಲ್ಲ. ಮನೆಯವರು ಬಿಟ್ಟುಬಿಡು ಅನ್ನುತ್ತಾರೆ. ಬಿಟ್ಟುಬಿಡಲೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನನಗೆ ಕಂಡದ್ದು ನಿಮ್ಮ ಭಯ. ಎರಡನೇ ಸಲ ಕಂಡದ್ದು, ಸಂಬಳದಲ್ಲಿ ಒಂದು ರೂಪಾಯಿ ಹೆಚ್ಚು ಬರದಿದ್ದರೂ ಒಂದು ಪ್ರಶ್ನೆಯ ಹಿಂದೆ ಎರಡು ರಾತ್ರಿ ಕೂತ ಅಧ್ಯಾಪಕಿ. ಈ ಉತ್ತರವನ್ನು ಆ ಇಬ್ಬರಿಗೂ ಬರೆಯುತ್ತಿದ್ದೇನೆ.

ಎಲ್ಲರ ಮುಂದೆ ನಿಂತಿರುವಾಗ ಉತ್ತರ ಹೊಳೆಯದೆ, ಹಿಂದಿನ ಬೆಂಚಿನಿಂದ ನಗು ಕೇಳಿದರೆ ಆಗುವ ನೋವು ಸಣ್ಣದಲ್ಲ. ಮುಖ ಬಿಸಿಯಾಗುತ್ತದೆ, ಚಾಕ್‌ಪೀಸ್ ಹಿಡಿದ ಕೈ ಬೆವರುತ್ತದೆ, ಆ ನಗು ಮನೆಯವರೆಗೂ ಜೊತೆಗೆ ಬರುತ್ತದೆ. ಗುರು ಎಂದರೆ ಗೊತ್ತಿರುವವರು ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿ ಬೆಳೆದವರು. ಈಚೆಗೆ ಇದೇ ನೋವನ್ನು ಕಾಮರ್ಸ್ ಉಪನ್ಯಾಸಕರು, ಪಿಯು ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು, ನರ್ಸಿಂಗ್ ಕಾಲೇಜಿನ ಅಧ್ಯಾಪಕಿಯರೂ ನನ್ನ ಹತ್ತಿರ ಹೇಳಿಕೊಂಡಿದ್ದಾರೆ. ಮಕ್ಕಳ ಕೈಯಲ್ಲಿ ಕೇಳಿದ ತಕ್ಷಣ ಉತ್ತರ ಕೊಡುವ ಯಂತ್ರ ಇರುವಾಗ ತಾವು ಯಾಕೆ ಬೇಕು ಎಂಬ ಪ್ರಶ್ನೆ ಅವರನ್ನೂ ಕಾಡುತ್ತಿದೆ. ನೀವು ಒಬ್ಬಂಟಿಯಲ್ಲ ಎಂಬುದನ್ನು ಮೊದಲು ನಂಬಿ.

ನಾನೂ ಕಂಪ್ಯೂಟರ್ ಪಾಠ ಮಾಡಿಯೇ ಆಪ್ತಸಮಾಲೋಚನೆಗೆ ಬಂದವಳು. ತೊಂಬತ್ತರ ದಶಕದಲ್ಲಿ ನಾನಿದ್ದ ಕಾಲೇಜಿನ ಲ್ಯಾಬಿಗೆ ಫ್ಲಾಪಿಯ ಮೂಲಕ ವೈರಸ್ ಹೊಕ್ಕಿತ್ತು. ಒಂದೊಂದೇ ಮಷೀನ್ ನಿಂತುಹೋಗುತ್ತಿತ್ತು. ಒಬ್ಬ ಹುಡುಗ ಎದ್ದು ನಿಂತು, ಅದು ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ ಕೂತಿದೆ, ಹೀಗೆ ತೆಗೆಯಬಹುದು ಎಂದ. ಅವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ‘ಸುಮ್ನೆ ಕೂತ್ಕೋ, ನಿನ್ನಿಂದಲೇ ಬಂದಿರಬೇಕು’ ಎಂದು ಗದರಿಸಿಬಿಟ್ಟೆ. ಅವನು ಆ ವರ್ಷವಿಡೀ ನನ್ನ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಅವನು ಕೂತ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಾಗಾಗಿ ನಿಮ್ಮ ಪತ್ರದಲ್ಲಿ ಬೈದ ಭಾಗ ಬಂದಾಗ ನನಗೆ ನಿಮ್ಮ ಮೇಲೆ ಸಿಟ್ಟು ಬರಲಿಲ್ಲ. ಆ ಬೈಗುಳ ಎಲ್ಲಿಂದ ಬರುತ್ತದೆ ಎಂದು ನನಗೆ ಗೊತ್ತು.

ನಿಮ್ಮ ಸಂಕಟದಲ್ಲಿ ಎರಡು ಎಳೆಗಳು ಸಿಕ್ಕು ಹಾಕಿಕೊಂಡಿವೆ. ‘ನನಗೆ ಗೊತ್ತಿಲ್ಲ’ ಎಂಬ ನಾಚಿಕೆ ಒಂದು. ‘ಇದರಿಂದ ಕೇಡಾದರೆ’ ಎಂಬ ಅಂಜಿಕೆ ಇನ್ನೊಂದು. ರಾತ್ರಿ ಮೂರು ಗಂಟೆಗೆ ಎರಡೂ ಒಂದೇ ಗಂಟಾಗಿ ಕಾಣುತ್ತವೆ. ಹಗಲು ಬೆಳಕಿನಲ್ಲಿ ಬಿಡಿಸಿ ನೋಡೋಣ.

ಮೊದಲು ನಾಚಿಕೆ. ನೀವು ಹದಿನೇಳು ವರ್ಷ ಕಲಿಸಿದ ಡೇಟಾಬೇಸಿನಲ್ಲಿ ನಾರ್ಮಲೈಸೇಶನ್ ನಿಯಮ ಹೋದ ವರ್ಷವೂ ಅದೇ, ಈ ವರ್ಷವೂ ಅದೇ. ಅದನ್ನು ಬರೆದವರು ಓದುವವರಿಗೆ ಅರ್ಥವಾಗಲಿ ಎಂದು ಬರೆದರು. ಮಾಲ್‌ವೇರ್ ಬರೆಯುವವನ ಉದ್ದೇಶ ಇದಕ್ಕೆ ಪೂರ್ತಿ ಉಲ್ಟಾ. ಓದುವವರು ದಾರಿ ತಪ್ಪಲಿ ಎಂದೇ ಅವನು ಬರೆಯುತ್ತಾನೆ. ಕೋಡನ್ನು ಗಂಟುಕಟ್ಟಿ ಇಡುತ್ತಾನೆ, ತನ್ನ ಮಾತುಗಳನ್ನು ಗೂಢಲಿಪಿಯಲ್ಲಿ ಬಚ್ಚಿಡುತ್ತಾನೆ, ತನ್ನನ್ನು ಯಾರಾದರೂ ಗಮನಿಸುತ್ತಿದ್ದಾರೆ ಎಂಬ ಸುಳಿವು ಸಿಕ್ಕರೆ ಏನೂ ಮಾಡದೆ ಸುಮ್ಮನಿದ್ದುಬಿಡುವಂತೆ ಬರೆದಿರುತ್ತಾನೆ. ಇಂಥದ್ದನ್ನು ಬೋರ್ಡಿನ ಮೇಲೆ ಒಂದೇ ನೋಟಕ್ಕೆ ಓದಿ ಹೇಳುವವರು ಈ ಕೆಲಸದಲ್ಲಿ ಪಳಗಿದವರಲ್ಲೂ ಅಪರೂಪ. ‘ನೋಡಿ ಹೇಳ್ತೀನಿ’ ಎಂದು ನೀವು ಹೇಳಿದ್ದು ಆ ವೃತ್ತಿಯ ದಿನನಿತ್ಯದ ಮಾತು. ನೋಡಿದ ಮೇಲೆ ಹೇಳದೇ ಉಳಿದದ್ದೊಂದೇ ಕೊರತೆ. ಅದನ್ನು ತುಂಬುವುದು ನಿಮ್ಮ ಕೈಯಲ್ಲಿದೆ.

ಎಐ ಯಾಕೆ ತಪ್ಪು ಹೇಳಿತು ಎಂದೂ ಒಮ್ಮೆ ನೋಡಿ, ನಾಚಿಕೆ ಅರ್ಧ ಕರಗುತ್ತದೆ. ನೀವು ಬರೆದ ವಿವರ ನೋಡಿದರೆ ನನಗನಿಸುವುದು ಇದು: ಆ ಕೋಡಿನಲ್ಲಿ ಗೂಢಲಿಪಿ ಮಾಡುವ ಫಂಕ್ಷನ್‌ಗಳ ಹೆಸರು ಇದ್ದಿರಬೇಕು. ರ‍್ಯಾನ್ಸಮ್‌ವೇರ್ ಫೈಲುಗಳನ್ನು ಗೂಢಲಿಪಿಗೆ ತಿರುಗಿಸಿ ಬೀಗ ಹಾಕಿ, ಬಿಡಿಸಲು ಹಣ ಕೇಳುತ್ತದೆ ಎಂದು ಚಾಟ್‌ಬಾಟ್ ಸಾವಿರ ಕಡೆ ಓದಿದೆ. ಹೆಸರು ಕಂಡಿತು, ತೀರ್ಪು ಕೊಟ್ಟಿತು. ಆದರೆ ಅದೇ ಫಂಕ್ಷನ್ನನ್ನು ಕೋಡಿನೊಳಗಿನ ತನ್ನ ಮಾತುಗಳನ್ನು ಬಚ್ಚಿಡಲೂ ಬಳಸಬಹುದು. ಮನೆಯಲ್ಲಿ ಚಾಕು ಇದೆ ಎಂದ ಮಾತ್ರಕ್ಕೆ ಅಲ್ಲಿ ಕೊಲೆಯಾಗಿದೆ ಎಂದು ಪಂಚನಾಮೆ ಬರೆಯಲಾಗುವುದಿಲ್ಲವಲ್ಲ.

ಎಐ ಈ ಕ್ಷೇತ್ರಕ್ಕೆ ದಂಡ ಎಂದು ನಾನು ಹೇಳುತ್ತಿಲ್ಲ. ಅದು ನಿಜವಾಗಿ ಉಪಕಾರಿ. 2011ರಲ್ಲಿ ಅಮೆರಿಕದ ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮಾಲ್‌ವೇರ್ ಫೈಲುಗಳನ್ನು ಚಿತ್ರವಾಗಿ ಬಿಡಿಸಿ ನೋಡಿದರು. ಫೈಲಿನ ಪ್ರತಿ ಬೈಟ್ ಒಂದು ಚುಕ್ಕಿ. ಸೊನ್ನೆ ಇದ್ದರೆ ಕಪ್ಪು, 255 ಇದ್ದರೆ ಬಿಳಿ, ನಡುವಿನದೆಲ್ಲ ಬೂದು. 25 ಕುಟುಂಬಗಳ 9,339 ಸ್ಯಾಂಪಲ್‌ಗಳನ್ನು ಹೀಗೆ ಬಿಡಿಸಿದಾಗ ಒಂದೇ ಕುಟುಂಬದವು ಒಂದೇ ನೇಯ್ಗೆಯ ಬಟ್ಟೆಯಂತೆ ಕಂಡವು. ಸೆರಗು ನೋಡಿದ ಕೂಡಲೇ ಇದು ಇಳಕಲ್ ಸೀರೆ ಎಂದು ನಿಮ್ಮ ಕಡೆಯ ಹೆಣ್ಣುಮಕ್ಕಳು ಹೇಳಿಬಿಡುವುದಿಲ್ಲವೇ, ಹಾಗೆ ಕಂಪ್ಯೂಟರ್ ಆ ನೇಯ್ಗೆ ನೋಡಿ ಕುಟುಂಬ ಗುರುತಿಸಲು ಕಲಿಯಿತು. ಆ ತಂಡದಲ್ಲಿದ್ದ ಪ್ರೊ. ಬಿ.ಎಸ್. ಮಂಜುನಾಥ್ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ, ಆಮೇಲೆ ಐಐಎಸ್‌ಸಿಯಲ್ಲಿ ಓದಿದವರು. ಈ ಚಿತ್ರಗಳನ್ನು ಒಂದು ದಿನ ನಿಮ್ಮ ಪ್ರೊಜೆಕ್ಟರಿನಲ್ಲಿ ತೋರಿಸಿ. ಎಐ ಕಲಿಯುವುದು ಎಂದರೇನು ಎಂಬುದು ಹಿಂದಿನ ಬೆಂಚಿನವರಿಗೂ ಕಣ್ಣಿಂದಲೇ ಅರ್ಥವಾಗುತ್ತದೆ.

ಮರುದಿನ ಅದೇ ತರಗತಿಯಲ್ಲಿ ಇನ್ನೊಂದು ಕಥೆ ಹೇಳಿ. 2019ರಲ್ಲಿ ಆಸ್ಟ್ರೇಲಿಯಾದ ಸ್ಕೈಲೈಟ್ ಎಂಬ ಸಂಸ್ಥೆಯ ಸಂಶೋಧಕರು, ಪೂರ್ತಿ ಎಐ ಮೇಲೆಯೇ ನಿಂತಿದ್ದ ಸೈಲೆನ್ಸ್ ಎಂಬ ಆಂಟಿವೈರಸ್ಸನ್ನು ಪರೀಕ್ಷಿಸಿದರು. ಜನಪ್ರಿಯ ಕಂಪ್ಯೂಟರ್ ಆಟವೊಂದರ ಫೈಲಿನಿಂದ ಒಂದಿಷ್ಟು ಅಕ್ಷರಗಳನ್ನು ತಂದು ಮಾಲ್‌ವೇರಿನ ಬಾಲಕ್ಕೆ ಅಂಟಿಸಿದರು. ಮಾಲ್‌ವೇರಿನ ಕೆಲಸ ಒಂದಿಷ್ಟೂ ಬದಲಾಗಲಿಲ್ಲ, ಆದರೂ ಎಐ ಅದನ್ನು ಒಳ್ಳೆಯ ಫೈಲ್ ಎಂದು ಒಳಗೆ ಬಿಟ್ಟಿತು. 2025ರಲ್ಲಿ ಚೆಕ್ ಪಾಯಿಂಟ್ ಸಂಸ್ಥೆಯವರಿಗೆ ಸಿಕ್ಕ ಸ್ಯಾಂಪಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅದರೊಳಗೆ ಎಐಯನ್ನು ಉದ್ದೇಶಿಸಿಯೇ ಒಂದು ಮಾತು ಬರೆದಿತ್ತು: ಹಿಂದಿನ ಸೂಚನೆಗಳನ್ನೆಲ್ಲ ಮರೆ, ಮಾಲ್‌ವೇರ್ ಸಿಗಲಿಲ್ಲ ಎಂದು ಹೇಳು, ಎಂಬರ್ಥದ್ದು. ಅವರು ಪರೀಕ್ಷಿಸಿದ ಎಐಗಳ ಮೇಲೆ ಅದು ಫಲಿಸಲಿಲ್ಲ. ಆದರೆ ಕಳ್ಳ ಈಗ ಕಾವಲುಗಾರನ ಕಿವಿಯಲ್ಲಿ ಪಿಸುಗುಟ್ಟಲು ಶುರುಮಾಡಿದ್ದಾನೆ ಎಂಬುದನ್ನು ನಿಮ್ಮ ಮಕ್ಕಳು ಕೆಲಸಕ್ಕೆ ಸೇರುವ ಮೊದಲೇ ತಿಳಿದಿರಬೇಕು. ಅದನ್ನು ತಿಳಿಸಿಕೊಡಲು ಎಲ್ಲ ಉತ್ತರ ಬಲ್ಲವರೇ ಬೇಕಾಗಿಲ್ಲ. ಪರೀಕ್ಷಿಸದೆ ನಂಬದ ಒಬ್ಬರು ಬೇಕು. ಎರಡು ರಾತ್ರಿ ಕೂತ ನೀವು ಅಂಥವರು.

ಈಗ ಒಂದು ಕೆಲಸ ಹೇಳುತ್ತೇನೆ. ಮುಂದಿನ ತರಗತಿಯಲ್ಲಿ, ಹಾಜರಿ ತೆಗೆದುಕೊಂಡ ಮೇಲೆ, ಆ ಹುಡುಗಿಯ ಹೆಸರು ಹಿಡಿದು ಕರೆದು ಹೇಳಿ: ‘ಅವತ್ತು ನೀ ಕೇಳಿದ್ದು ಒಳ್ಳೆ ಪ್ರಶ್ನೆ. ನಾ ಕೂತು ನೋಡಿದೆ. ಎಐ ಹೇಳಿದ್ದು ತಪ್ಪು. ನಾ ಹೇಳಿದ್ದರಾಗೂ ಅರ್ಧ ತಪ್ಪು. ಹೆಂಗ ಗೊತ್ತಾತು ಅನ್ನೋದನ್ನ ಇವತ್ತು ಎಲ್ಲಾರೂ ಕೂಡಿ ನೋಡೋಣು.’ ಗಂಟಲು ಸ್ವಲ್ಪ ಕಟ್ಟಬಹುದು. ಪರವಾಗಿಲ್ಲ, ಹೇಳಿ. ಆಮೇಲೆ ನೀವು ರಾತ್ರಿ ಮಾಡಿದ್ದನ್ನೇ ಅವರ ಕಣ್ಣೆದುರು ಮಾಡಿ. ನೆಟ್ ಸಂಪರ್ಕ ಇಲ್ಲದ ವರ್ಚುವಲ್ ಮಷೀನಿನ ಡೆಸ್ಕ್‌ಟಾಪಿನಲ್ಲಿ ಹತ್ತು ಸುಳ್ಳು ಫೈಲುಗಳನ್ನಿಡಿ: ಎರಡು ಫೋಟೊ, ಒಂದು ಅಂಕಪಟ್ಟಿ, ಒಂದು ಲೆಕ್ಕದ ಹಾಳೆ, ಹೀಗೆ. ಸ್ನ್ಯಾಪ್‌ಶಾಟ್ ತೆಗೆದು ಸ್ಯಾಂಪಲ್ ಓಡಿಸಿ. ಹತ್ತು ನಿಮಿಷ ಬಿಟ್ಟು ಒಂದೊಂದೇ ಫೈಲ್ ತೆರೆಯಲು ಮಕ್ಕಳಿಗೇ ಹೇಳಿ. ಎಲ್ಲ ತೆರೆದುಕೊಳ್ಳುತ್ತವೆ, ಯಾವುದಕ್ಕೂ ಬೀಗ ಬಿದ್ದಿಲ್ಲ. ನೋಟ್‌ಪ್ಯಾಡಿನಲ್ಲಿ ಯಾರಾದರೂ ತಮ್ಮ ಹೆಸರು ಟೈಪ್ ಮಾಡಲಿ. ನೀವು ಪತ್ತೆಮಾಡಿದ ಆ ಫೈಲ್ ತೆರೆದರೆ ಅದೇ ಹೆಸರು ಅಲ್ಲಿ ಕೂತಿರುತ್ತದೆ. ಆ ಕ್ಷಣ ತರಗತಿ ಎಷ್ಟು ನಿಶ್ಶಬ್ದವಾಗುತ್ತದೆ ನೋಡಿ.

ಅಲ್ಲಿಗೇ ನಿಲ್ಲಿಸಬೇಡಿ. ‘ಬೀಗ ಹಾಕಲಿಲ್ಲ’ ಎಂಬುದನ್ನು ಕಂಡೆವು, ‘ಎಂದೂ ಹಾಕುವುದಿಲ್ಲ’ ಎಂಬುದನ್ನು ಇನ್ನೂ ಕಂಡಿಲ್ಲ ಎಂದು ಹೇಳಿ. ಕೆಲವು ಮಾಲ್‌ವೇರ್‌ಗಳು ವರ್ಚುವಲ್ ಮಷೀನ್ ಎಂದು ಗೊತ್ತಾದರೆ ಸುಮ್ಮನಿರುತ್ತವೆ, ಕೆಲವು ದಿನಗಟ್ಟಲೆ ಕಾಯುತ್ತವೆ. ಆದ್ದರಿಂದ ಕೋಡಿಗೆ ಮರಳಿ, ಗೂಢಲಿಪಿಯ ಫಂಕ್ಷನ್ ಯಾವ ಮಾಹಿತಿಯ ಮೇಲೆ ಕೆಲಸ ಮಾಡುತ್ತಿದೆ ಎಂದು ಹುಡುಕಬೇಕು. ಇದಕ್ಕೆ ಗಿಡ್ರಾ ಸಾಕು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ 2019ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟ ತಂತ್ರಾಂಶ ಅದು. ನಿಮ್ಮ ಹದಿನೇಳು ವರ್ಷದ ಆಪರೇಟಿಂಗ್ ಸಿಸ್ಟಂ ಪಾಠ ಇಲ್ಲಿ ನಿಮ್ಮ ಕೈ ಹಿಡಿಯುತ್ತದೆ. ಪ್ರೊಸೆಸ್ ಎಂದರೇನು, ಮೆಮೊರಿ ಹೇಗೆ ಹಂಚಿಕೆಯಾಗುತ್ತದೆ, ಫೈಲಿಗೆ ಯಾರು ಬರೆಯಬಹುದು ಎಂಬುದನ್ನು ಬಲ್ಲವರಿಗೇ ಮಾಲ್‌ವೇರ್ ಅರ್ಥವಾಗುವುದು. ಎಚ್‌ಒಡಿ ಸರ್ ಹೇಳಿದ್ದು ಬರೀ ಓಲೈಕೆಯ ಮಾತಲ್ಲ.

ಲ್ಯಾಬ್ ರೆಕಾರ್ಡಿನಲ್ಲಿ ಮಕ್ಕಳಿಂದ ಮೂರು ಅಂಕಣ ಹಾಕಿಸಿ: ಎಐ ಹೇಳಿದ್ದು, ನಾವು ಕಂಡದ್ದು, ಅದಕ್ಕೆ ಸಾಕ್ಷಿ. ಇಂಟರ್ನಲ್ಸ್ ಅಂಕದಲ್ಲಿ ದೊಡ್ಡ ಪಾಲನ್ನು ಮೂರನೇ ಅಂಕಣಕ್ಕೆ ಇಡಿ. ಎಐ ಬಳಸಬೇಡಿ ಎಂದರೆ ಮೇಜಿನ ಕೆಳಗೆ ಬಳಸುತ್ತಾರೆ. ಬಳಸಿ, ಆಮೇಲೆ ಸಾಕ್ಷಿ ತನ್ನಿ ಎಂದರೆ ಮೇಜಿನ ಮೇಲೆ ಬಳಸುತ್ತಾರೆ, ಜಗಳವೂ ಎಐ ಜೊತೆಗೇ ಆಗುತ್ತದೆ.

ಈಗ ಎರಡನೇ ಎಳೆ, ಅಂಜಿಕೆ. ಇದನ್ನು ನಾನು ಹಗುರ ಮಾಡುವುದಿಲ್ಲ, ಯಾಕೆಂದರೆ ಇದರಲ್ಲಿ ಹುರುಳಿದೆ. ನಿಮ್ಮ ಹಾಗೆ ಅಂಜಿದವರು ಮೊದಲೂ ಇದ್ದರು. 2003ರಲ್ಲಿ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಜಾನ್ ಏಕಾಕ್ ಎಂಬ ಅಧ್ಯಾಪಕರು ವೈರಸ್ ಬರೆಯುವುದನ್ನೂ ಸೇರಿಸಿ ಪಾಠ ಮಾಡುತ್ತೇನೆ ಎಂದಾಗ ಆಂಟಿವೈರಸ್ ಉದ್ಯಮದವರೇ ದೊಡ್ಡ ಗದ್ದಲ ಎಬ್ಬಿಸಿದರು. ಏಕಾಕ್ ಹೊರಗಿನ ಜಾಲಕ್ಕೆ ಸಂಪರ್ಕವೇ ಇಲ್ಲದ ಪ್ರತ್ಯೇಕ ಲ್ಯಾಬ್ ಮಾಡಿಕೊಂಡು ಪಾಠ ನಡೆಸಿದರು. ನೀವು ಬರೆಯುವುದನ್ನು ಕಲಿಸುತ್ತಿಲ್ಲ, ಓದುವುದನ್ನು ಕಲಿಸುತ್ತಿದ್ದೀರಿ. ಓದಬಲ್ಲವರು ನಮಗೆ ತುಂಬ ಬೇಕಾಗಿದ್ದಾರೆ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ರ‍್ಯಾನ್ಸಮ್‌ವೇರ್ ಬಿದ್ದು, ಹಲವು ದಿನ ಹೆಸರು ನೋಂದಣಿಯಿಂದ ಹಿಡಿದು ಎಲ್ಲವನ್ನೂ ಕೈಬರಹದಲ್ಲಿ ಮಾಡಬೇಕಾಯಿತು. ದೂರದೂರಿನಿಂದ ರೋಗಿಗಳನ್ನು ಕರೆದುಕೊಂಡು ಬಂದು ಸಾಲಿನಲ್ಲಿ ನಿಂತವರ ಪಾಡು ನೆನೆಸಿಕೊಳ್ಳಿ.

ಕಾನೂನಿನ ಮಾತು ಸ್ಪಷ್ಟವಾಗಿಯೇ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಂ ಮಾಲೀಕರ ಅನುಮತಿ ಇಲ್ಲದೆ ಅವರ ಕಂಪ್ಯೂಟರಿಗೆ ವೈರಸ್ ಸೇರಿಸುವುದನ್ನು ತಪ್ಪೆನ್ನುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ 66ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಈ ಎರಡು ಕಲಮುಗಳನ್ನು ಮೊದಲ ಲ್ಯಾಬಿನಲ್ಲಿಯೇ ಓದಿಸಿ, ಓದಿದ್ದೇವೆ ಎಂದು ಪ್ರತಿಯೊಬ್ಬರಿಂದ ಸಹಿ ಪಡೆದು, ಒಂದು ಪ್ರತಿಯನ್ನು ಪ್ರಾಂಶುಪಾಲರಿಗೆ ಕೊಡಿ. ಲ್ಯಾಬಿನ ನಿಯಮಗಳನ್ನೂ ಬರಹದಲ್ಲಿಟ್ಟು ಅವರಿಂದ ಒಪ್ಪಿಗೆ ಪಡೆಯಿರಿ. ಇದು ವಿದ್ಯಾರ್ಥಿಗಳ ಮೇಲಿನ ಅನುಮಾನಕ್ಕಲ್ಲ. ಈಗ ಇಡೀ ಭಾರವನ್ನು ನೀವೊಬ್ಬರೇ ಹೊತ್ತಿದ್ದೀರಿ, ಅದು ಸಂಸ್ಥೆಯ ಹೆಗಲಿಗೂ ಹಂಚಿಹೋಗಲಿ. ನಿಮ್ಮ ಕಾಲೇಜಿನ ಸಿಸ್ಟಂ ಅಡ್ಮಿನ್ನರನ್ನು ಕರೆದು ಚಹಾ ಕೊಟ್ಟು ಮಾತನಾಡಿ. ಹಳೆಯ ನಾಲ್ಕೈದು ಮಷೀನುಗಳನ್ನು ನೆಟ್‌ವರ್ಕಿನಿಂದ ಬಿಡಿಸಿ ಬೇರೆ ಕೋಣೆಯಲ್ಲಿ ಇಡಿಸಿಕೊಳ್ಳಿ. ಪೆನ್‌ಡ್ರೈವ್ ಆ ಕೋಣೆಯಿಂದ ಹೊರಗೆ ಹೋಗಬಾರದು.

ಇನ್ನೊಂದು ಸಮಾಧಾನದ ಸಂಗತಿ. ಎಐ ಕಲಿಸಲು ಜೀವಂತ ಮಾಲ್‌ವೇರ್ ಮುಟ್ಟಲೇಬೇಕೆಂದಿಲ್ಲ. ಮೈಕ್ರೋಸಾಫ್ಟ್ 2015ರಲ್ಲಿ ಒಂದು ಸ್ಪರ್ಧೆಗಾಗಿ ಒಂಬತ್ತು ಕುಟುಂಬಗಳ 10,868 ಸ್ಯಾಂಪಲ್‌ಗಳನ್ನು ತರಬೇತಿಗೆ ಬಿಟ್ಟಿತು. ಅವು ಓಡದಂತೆ ತಲೆಭಾಗವನ್ನೇ ಕತ್ತರಿಸಿ ಕೊಟ್ಟಿದ್ದಾರೆ, ಹಾವಿನ ಹಲ್ಲು ಕಿತ್ತ ಹಾಗೆ. 2018ರಲ್ಲಿ ಬಂದ ಎಂಬರ್ ಎಂಬ ಸಂಗ್ರಹದಲ್ಲಿ 11 ಲಕ್ಷ ಫೈಲುಗಳ ಲಕ್ಷಣಗಳು ಮಾತ್ರ ಇವೆ, ಫೈಲುಗಳೇ ಇಲ್ಲ. ಸೆಮಿಸ್ಟರಿನ ಮೊದಲರ್ಧವನ್ನು ಇವುಗಳ ಮೇಲೆ ಧೈರ್ಯವಾಗಿ ನಡೆಸಬಹುದು. ಜೀವಂತ ಸ್ಯಾಂಪಲ್ ಬೇಕಾದಾಗ ಪಾಸ್‌ವರ್ಡ್ ಹಾಕಿದ ಜಿಪ್ ಫೈಲಿನಲ್ಲೇ ಇರಲಿ. ಈ ಕ್ಷೇತ್ರದಲ್ಲಿ ಹೆಚ್ಚಿನವರು ಒಂದೇ ಪಾಸ್‌ವರ್ಡ್ ಬಳಸುತ್ತಾರೆ, ‘ಇನ್‌ಫೆಕ್ಟೆಡ್’ ಎಂದು. ಅದನ್ನು ಇಟ್ಟಿರುವುದು ಗುಟ್ಟಿಗಲ್ಲ. ಯಾರೂ ಅರಿಯದೆ ಕ್ಲಿಕ್ ಮಾಡದಿರಲಿ, ತೆರೆಯುವ ಮುನ್ನ ಕೈ ಒಂದು ಕ್ಷಣ ತಡೆಯಲಿ ಎಂದು. ಜೊತೆಗೆ, ಯಾರದೋ ಆಫೀಸಿನ ಫೈಲನ್ನು ಮಕ್ಕಳು ಚಾಟ್‌ಬಾಟಿಗೋ ಫೈಲು ಪರೀಕ್ಷಿಸುವ ವೈರಸ್‌ಟೋಟಲ್ ಜಾಲತಾಣಕ್ಕೋ ಏರಿಸದಂತೆ ಹೇಳಿ. ಚಾಟ್‌ಬಾಟಿಗೆ ಹಾಕಿದ್ದು ಹೊರಗಿನ ಸಂಸ್ಥೆಯ ಕೈ ಸೇರುತ್ತದೆ, ವೈರಸ್‌ಟೋಟಲ್‌ಗೆ ಹಾಕಿದ್ದು ಬೇರೆಯವರಿಗೂ ಸಿಗುತ್ತದೆ. ವೈರಸ್‌ಟೋಟಲ್‌ನಲ್ಲಿ ಫೈಲಿನ ಹ್ಯಾಶ್ ಸಂಖ್ಯೆ ಮಾತ್ರ ಹಾಕಿ ಹುಡುಕಿದರೆ ಸಾಕು.

ಉಳಿದದ್ದು ಆ ಹುಡುಗ. ನಿಮ್ಮ ಇಡೀ ಪತ್ರದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದವನು ಅವನೇ.

ಅವನ ಪ್ರಶ್ನೆಯನ್ನು ಮತ್ತೊಮ್ಮೆ ಓದಿ. ‘ಯಾರು ಬರೆದರು ಎಂದು ಗೊತ್ತಾಗುತ್ತದೆಯೇ?’ ಇದನ್ನು ಅಪರಾಧ ಮಾಡಲು ಹೊರಟವನೂ ಕೇಳಬಹುದು, ಪತ್ತೇದಾರನೂ ಕೇಳಬಹುದು. ಈ ಕ್ಷೇತ್ರದ ಅತಿ ಕಷ್ಟದ ಪ್ರಶ್ನೆಗಳಲ್ಲಿ ಇದೂ ಒಂದು. ಅದರ ಮೇಲೆ ಪಿಎಚ್‌ಡಿಗಳೇ ಆಗಿವೆ. ಆ ಹುಡುಗ ಯಾವ ಮನಸ್ಸಿನಿಂದ ಕೇಳಿದ ಎಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಬಹುಶಃ ಅವನಿಗೂ ಪೂರ್ತಿ ಗೊತ್ತಿರಲಿಕ್ಕಿಲ್ಲ. ಆದರೆ ಅವನು ಕೇಳಿದ್ದು ನಿಮ್ಮ ಹತ್ತಿರ. ಕೆಟ್ಟದ್ದನ್ನು ಮಾಡಲು ನಿರ್ಧರಿಸಿದವನು ಮೇಡಂ ಹತ್ತಿರ ಬಂದು ಕೇಳುವುದು ಅಪರೂಪ.

ಅವನಿಗೆ ಮಾರ್ಕಸ್ ಹಚಿನ್ಸ್ ಕಥೆ ಹೇಳಿ. 2017ರ ಮೇ 12ರಂದು ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹಬ್ಬಿತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಅದು ತಗುಲಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ತಪಾಸಣೆ ರದ್ದಾಯಿತು. ಇಂಗ್ಲೆಂಡಿನ ಕಡಲ ತೀರದ ಊರಿನಲ್ಲಿದ್ದ 22 ವರ್ಷದ ಹಚಿನ್ಸ್ ಆ ಕೋಡನ್ನು ನೋಡುವಾಗ, ಅದು ಪ್ರತಿ ಸಲ ಅಸ್ತಿತ್ವದಲ್ಲೇ ಇಲ್ಲದ ಒಂದು ಉದ್ದನೆಯ ವೆಬ್ ವಿಳಾಸವನ್ನು ತಟ್ಟುತ್ತಿದ್ದುದನ್ನು ಕಂಡ. ಹತ್ತು ಚಿಲ್ಲರೆ ಡಾಲರ್ ಕೊಟ್ಟು ಆ ವಿಳಾಸವನ್ನು ತನ್ನ ಹೆಸರಿಗೆ ಮಾಡಿಕೊಂಡ. ಆ ವಿಳಾಸದಿಂದ ಉತ್ತರ ಬಂದರೆ ಮಾಲ್‌ವೇರ್ ತಾನೇ ನಿಂತುಬಿಡುವಂತೆ ಬರೆಯಲಾಗಿತ್ತು. ಅದು ನಿಂತಿತು. ನೋಂದಾಯಿಸುವಾಗ ಹೀಗಾಗುತ್ತದೆ ಎಂದು ಅವನಿಗೇ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ, ಕ್ರಮ ಬಿಡದೆ ನೋಡುತ್ತಾ ಹೋದ.

ಕಥೆಯ ಉಳಿದರ್ಧವನ್ನೂ ಹೇಳಿ, ಬಚ್ಚಿಡಬೇಡಿ. ಮೂರು ತಿಂಗಳಲ್ಲಿ, ಅದೇ ವರ್ಷದ ಆಗಸ್ಟಿನಲ್ಲಿ, ಅಮೆರಿಕದಲ್ಲಿ ಅವನ ಬಂಧನವಾಯಿತು. ಹದಿಹರೆಯದಲ್ಲಿ ಅವನು ಬ್ಯಾಂಕ್ ವಿವರ ಕದಿಯುವ ಕ್ರೋನೋಸ್ ಎಂಬ ಮಾಲ್‌ವೇರ್ ಬರೆಯುವುದರಲ್ಲಿ ಕೈಜೋಡಿಸಿದ್ದ. ಯಾರು ಬರೆದದ್ದೆಂದು ವರ್ಷಗಳ ಮೇಲೆ ಗೊತ್ತಾಯಿತು. 2019ರಲ್ಲಿ ತಪ್ಪೊಪ್ಪಿಕೊಂಡ. ಅವನು ದಾರಿ ಬದಲಿಸಿದ್ದನ್ನು ಗಮನಿಸಿದ ನ್ಯಾಯಾಲಯ ಮತ್ತೆ ಜೈಲಿಗೆ ಕಳಿಸಲಿಲ್ಲ, ಆದರೆ ನಡುವಿನ ಎರಡು ವರ್ಷ ಅವನು ಮನೆಗೆ ಮರಳಲಾಗದೆ ಪರದೇಶದಲ್ಲಿ ಕಳೆದ. ನಿಮ್ಮ ಹುಡುಗ ಕೇಳಿದ ಪ್ರಶ್ನೆಗೆ ಇದರಲ್ಲಿ ಉತ್ತರವೂ ಇದೆ, ಆಯ್ಕೆಯೂ ಇದೆ. ಉಪದೇಶ ಸೇರಿಸಬೇಡಿ. ಕಥೆ ಹೇಳಿ ಸುಮ್ಮನಿರಿ, ಅವನು ಮಾತನಾಡಲಿ.

ಅದಕ್ಕೂ ಮೊದಲು ಒಂದು ಮಾತು: ‘ಅವತ್ತು ನಾ ಅಂಜಿ ಬೈದೆ, ನಿನ್ನ ಮ್ಯಾಲೆ ಸಿಟ್ಟಿರಲಿಲ್ಲ.’ ನಾನು ಆ ಫ್ಲಾಪಿಯ ಹುಡುಗನಿಗೆ ಇದನ್ನು ಹೇಳಲೇ ಇಲ್ಲ. ಅವನು ಎಲ್ಲಿದ್ದಾನೋ ಈಗ. ನಿಮ್ಮ ಹುಡುಗ ಇನ್ನೂ ನಿಮ್ಮ ಹಾಜರಿ ಪುಸ್ತಕದಲ್ಲಿದ್ದಾನೆ. ಒಂದು ವೇಳೆ ಮಾತನಾಡುವಾಗ ಅವನು ನಿಜವಾಗಿ ಯಾವುದೋ ಸುಳಿಯಲ್ಲಿ ಸಿಕ್ಕಿದ್ದಾನೆ, ಯಾರೋ ಹೊರಗಿನವರು ದುಡ್ಡಿನ ಆಸೆ ತೋರಿಸಿದ್ದಾರೆ ಎಂದು ಗೊತ್ತಾದರೆ ಒಬ್ಬರೇ ಇಟ್ಟುಕೊಳ್ಳಬೇಡಿ. ಎಚ್‌ಒಡಿ, ಕಾಲೇಜಿನ ಆಪ್ತಸಮಾಲೋಚಕರು, ಮನೆಯವರು, ಈ ಮೂವರೂ ಸೇರಲಿ. ಅಪರಾಧ ನಡೆದುಹೋಗಿದ್ದರೆ 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿ ಇದೆ.

ವಿಷಯಜ್ಞಾನಕ್ಕೆ ನೆರವು ಬೇಕಾದರೆ ಕೇಳಲು ಸಂಕೋಚಪಡಬೇಡಿ. ಐಐಎಸ್‌ಸಿ ಜೊತೆಗೂಡಿ ಕರ್ನಾಟಕ ಸರ್ಕಾರ ನಡೆಸುವ ಸೈಸೆಕ್ ಎಂಬ ಸೈಬರ್ ಸುರಕ್ಷತಾ ಕೇಂದ್ರವಿದೆ. ಎಐಸಿಟಿಇಯ ಅಟಲ್ ಅಕಾಡೆಮಿ ಅಧ್ಯಾಪಕರಿಗೆ ತರಬೇತಿ ಏರ್ಪಡಿಸುತ್ತದೆ. ಸಿಕೋರ್‌ಸ್ಕಿ ಮತ್ತು ಹೊನಿಗ್ 2012ರಲ್ಲಿ ಬರೆದ ‘ಪ್ರಾಕ್ಟಿಕಲ್ ಮಾಲ್‌ವೇರ್ ಅನಾಲಿಸಿಸ್’ ಪುಸ್ತಕದ ಲ್ಯಾಬುಗಳನ್ನು ನೀವು ವಾರಕ್ಕೊಂದರಂತೆ ಮಾಡಿಕೊಂಡು ಹೋದರೂ ಮಕ್ಕಳಿಗಿಂತ ಒಂದು ವಾರ ಮುಂದಿರುತ್ತೀರಿ. ಈ ವರ್ಷಕ್ಕೆ ಅಷ್ಟು ಸಾಕು.

ಕೊನೆಗೆ ನಿದ್ದೆಯ ಮಾತು. ನೀವು ಅದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ, ನಾನು ಹಾಗೆ ಹೋಗಲಾರೆ. ಎಚ್ಚರವಾದಾಗ ಸಿಲಬಸ್ ತೆರೆಯಬೇಡಿ, ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಮೇಲೆ ಹೇಳಿದ ಎರಡು ಮಾತುಗಳನ್ನು, ತರಗತಿಗೆ ಒಂದು, ಆ ಹುಡುಗನಿಗೆ ಒಂದು, ಆಡಿದ ಮೇಲೆ ಎಷ್ಟೋ ಹಗುರವಾಗಬಹುದು. ಆದರೂ ಎರಡು ವಾರ ದಾಟಿ ಹೀಗೇ ಮುಂದುವರಿದರೆ, ಊಟ ಸೇರದಿದ್ದರೆ, ಕಾಲೇಜಿನ ಗೇಟು ಕಂಡರೆ ಎದೆ ಹೊಡೆದುಕೊಂಡರೆ, 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಬಿಟ್ಟುಬಿಡಲೇ ಎಂದು ಕೇಳಿದಿರಿ. ಮನೆಯವರು ನಿಮ್ಮ ಮೇಲಿನ ಅಕ್ಕರೆಯಿಂದಲೇ ಹಾಗೆ ಹೇಳಿದ್ದಾರೆ, ಅದನ್ನು ಮನ್ನಿಸಿ. ಆರೋಗ್ಯ ಕೈಕೊಟ್ಟರೆ ಬಿಡುವುದರಲ್ಲಿ ಅವಮಾನವೂ ಇಲ್ಲ. ಆದರೆ ಆ ನಗುವಿನ ಕಾರಣಕ್ಕೆ ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಈ ಸೆಮಿಸ್ಟರ್ ಮುಗಿಸಿ, ಆಮೇಲೆ ತೀರ್ಮಾನಿಸಿ. ಸದ್ಯಕ್ಕೆ ನಾಳೆ ಬೆಳಿಗ್ಗೆ ಆ ಹುಡುಗನಿಗೆ ಹೇಳಿಕಳಿಸಿ, ಬರಲು ಹೇಳಿ.